ಆಮ್ ಹೋಫ್ ಚೌಕದ ದೀಪದ ಕಂಬ: ಯುದ್ಧಮಂತ್ರಿ ಲಾಟೂರ್ ಸುಳ್ಳು ಹೇಳಿದ್ದನೇ?

ಅಲೆಮಾರಿ_ಗಿರಿ:
ಕಚೇರಿ ಕೆಲಸದ ಮೇಲೆ ವಿಯೆನ್ನಾಗೆ ಬಂದು ಒಂದು ವಾರವಾಯಿತು. ನಿನ್ನೆ ಸಂಜೆ ಹಳೇ ಊರಿನಲ್ಲಿ ಸುಮ್ನೆ ಅಡ್ಡಾಡುತ್ತಾ ಆಮ್ ಹೋಫ್ ಅನ್ನುವ ದೊಡ್ಡ ಚೌಕಕ್ಕೆ ಬಂದೆ. ಜೊತೆಗಿದ್ದ ಇಲ್ಲಿನ ಸಹೋದ್ಯೋಗಿ ಒಂದು ಭಾರಿ ಹೋಟೆಲ್ ಕಡೆ ಕೈ ತೋರಿಸಿ, "ಇಲ್ಲೇ ಜನ ಯುದ್ಧಮಂತ್ರಿಯನ್ನು ಹೊಡೆದು ಕೊಂದು ದೀಪದ ಕಂಬಕ್ಕೆ ನೇತುಹಾಕಿದ್ದು" ಅಂದ. ಯಾವಾಗ ಅಂತ ಕೇಳಿದರೆ 1848, ಹೆಸರು ಲಾಟೂರ್ ಅಂದ. ಅಷ್ಟು ಹೇಳಿ ಐಸ್‌ಕ್ರೀಮ್ ಅಂಗಡಿ ಹುಡುಕಲು ಹೊರಟುಬಿಟ್ಟ. ನನಗೆ ರಾತ್ರಿಯೆಲ್ಲಾ ಅದೇ ತಲೆಯಲ್ಲಿ. ಯಾರು ಈತ? ಅಂಥಾದ್ದೇನು ಮಾಡಿದ್ದ? ಗೊತ್ತಿದ್ದವರು ಹೇಳಿ.

ಹಳೇಪುಟ:
ಪೂರ್ತಿ ಹೆಸರು ಥಿಯೋಡೋರ್ ಬಾಯೆ ಫಾನ್ ಲಾಟೂರ್. ಹುಟ್ಟಿದ್ದು 1780ರಲ್ಲಿ, ಲಿಂಟ್ಸ್ ಊರಿನಲ್ಲಿ. ಹೆಸರು ಕೇಳಿದರೆ ಫ್ರೆಂಚ್ ಅನ್ನಿಸುತ್ತೆ ಅಲ್ವಾ? ಮನೆತನ ಈಗಿನ ಬೆಲ್ಜಿಯಂ ಕಡೆಯದು. ಆಗ ಆ ನಾಡು ಆಸ್ಟ್ರಿಯವನ್ನು ಆಳುತ್ತಿದ್ದ ಹಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ಅಪ್ಪ ಮ್ಯಾಕ್ಸಿಮಿಲಿಯನ್ ಲಾಟೂರ್ ಕೂಡ ದೊಡ್ಡ ಸೇನಾನಿ. 1796ರಲ್ಲಿ ರೈನ್ ನದಿಯ ಕಡೆ ಫ್ರೆಂಚರ ಎದುರು ನಿಂತವನು, ಕೊನೆಗೆ ಹೋಫ್‌ಕ್ರೀಗ್ಸ್‌ರಾಟ್ ಅಂದರೆ ಅರಮನೆಯ ಯುದ್ಧಮಂಡಳಿಯ ಅಧ್ಯಕ್ಷನಾದವನು.

ಆ ಮಂಡಳಿ ಇದ್ದ ಕಟ್ಟಡ ಎಲ್ಲಿತ್ತು ಗೊತ್ತಾ? ಆಮ್ ಹೋಫ್‌ನಲ್ಲೇ. 1848ರಲ್ಲಿ ಮಂಡಳಿ ಹೋಗಿ ಯುದ್ಧ ಸಚಿವಾಲಯ ಬಂತು, ಕಟ್ಟಡ ಮಾತ್ರ ಅದೇ. ಅಪ್ಪ ಅಧಿಕಾರ ನಡೆಸಿದ ಜಾಗದಲ್ಲೇ ಮಗ ಸತ್ತ. 1913ರ ಹೊತ್ತಿಗೆ ಅದನ್ನು ಕೆಡವಿ ಒಂದು ಬ್ಯಾಂಕಿನ ಮುಖ್ಯ ಕಚೇರಿ ಕಟ್ಟಿದರು. ನಿಮ್ಮ ಸಹೋದ್ಯೋಗಿ ತೋರಿಸಿದ ಹೋಟೆಲ್ ಇರುವುದು ಆ ಬ್ಯಾಂಕಿನ ಕಟ್ಟಡದಲ್ಲಿ.

ಮಗ ಓದಿದ್ದು ವಿಯೆನ್ನಾದಲ್ಲಿ, ಸೇರಿದ್ದು ಸೈನ್ಯದ ಇಂಜಿನಿಯರ್ ದಳಕ್ಕೆ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಹೆಸರು ಮಾಡಿದ. ಕೆಚ್ಚಿಗೆ ಕೊಡುತ್ತಿದ್ದ ಮರಿಯಾ ತೆರೇಸಾ ಪದಕವೂ ಸಿಕ್ಕಿತು. ಆಮೇಲೆ ಮೂವತ್ತು ವರ್ಷ ದೊಡ್ಡ ಯುದ್ಧವೇ ಇಲ್ಲ. ಕೋಟೆ, ಕಡತ, ಬಡ್ತಿ. ಫೀಲ್ಡ್ ಮಾರ್ಷಲ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಪದವಿವರೆಗೆ ಏರಿದ. 1848ರ ಏಪ್ರಿಲ್ ಕೊನೆಯಲ್ಲಿ ಯುದ್ಧಮಂತ್ರಿ ಆದಾಗ ವಯಸ್ಸು 67. ಬದುಕಿನ ಬಗ್ಗೆ ಜನ ಮಾತಾಡುವುದೆಲ್ಲಾ ಅಲ್ಲಿಂದ ಮುಂದಿನ ಐದು ತಿಂಗಳ ಬಗ್ಗೆಯೇ.

ಕಾಫಿಪುಡಿ:
ನಿವೃತ್ತಿ ತಗೊಂಡು ಮನೆಯಲ್ಲಿ ಕೂರುವ ವಯಸ್ಸಿಗೆ ಎಂಥಾ ಕುರ್ಚಿ ಸಿಕ್ಕಿತು ನೋಡಿ.

ಹಳೇಪುಟ:
ಅದರಲ್ಲೂ ಆ ವರ್ಷ! ಮಾರ್ಚ್ 13ಕ್ಕೆ ವಿಯೆನ್ನಾ ಎದ್ದು ನಿಂತಿತ್ತು. ದಶಕಗಳಿಂದ ಸಾಮ್ರಾಜ್ಯವನ್ನು ಹಿಡಿದಿದ್ದ ಮೆಟರ್ನಿಖ್ ರಾಜೀನಾಮೆ ಕೊಟ್ಟು ಓಡಿಹೋದ. ಅದೇ ತಿಂಗಳು ಮಿಲಾನ್‌ನಲ್ಲಿ ಐದು ದಿನ ಬೀದಿ ಕಾಳಗ ನಡೆದು ಆಸ್ಟ್ರಿಯದ ಸೈನ್ಯ ಊರು ಬಿಟ್ಟಿತು. ಹಂಗೇರಿಯವರು ತಮ್ಮದೇ ಮಂತ್ರಿಮಂಡಲ ಮಾಡಿಕೊಂಡರು. ವಿಯೆನ್ನಾದಲ್ಲಿ ಮೊದಲ ಯುದ್ಧಮಂತ್ರಿ ಆಗಿದ್ದ ಟ್ಸಾನಿನಿ ಸಾಮಾನ್ಯ ಮನೆತನದವನು, ಒಂದು ತಿಂಗಳೂ ನಿಲ್ಲಲಿಲ್ಲ. ಅವನ ಜಾಗಕ್ಕೆ ಬಂದವನೇ ಲಾಟೂರ್.

ತುಂಗಾತೀರ:
ಒಂದು ಮಾತು ಸೇರಿಸುತ್ತೇನೆ. ಲಾಟೂರ್ ಕೆಲಸಗಾರ. ಇಟಲಿಯಲ್ಲಿ ಆಸ್ಟ್ರಿಯದ ಸೇನಾಪತಿ, 81 ವರ್ಷದ ರಾಡೆಟ್ಸ್ಕಿ ಕೋಟೆಗಳ ನಡುವೆ ಸಿಕ್ಕಿಕೊಂಡು ಕೂತಿದ್ದ. ಮಂತ್ರಿಗಳಲ್ಲಿ ಕೆಲವರು ಮಿಲಾನ್ ಇರುವ ಲೊಂಬಾರ್ಡಿಯನ್ನು ಬಿಟ್ಟುಕೊಟ್ಟಾದರೂ ರಾಜಿ ಮಾಡಿಕೊಳ್ಳೋಣ ಅನ್ನುತ್ತಿದ್ದರು. ಲಾಟೂರ್ ಮಾತ್ರ ಎಲ್ಲೆಲ್ಲಿಂದಲೋ ಪಡೆ ಕೂಡಿಸಿ ರಾಡೆಟ್ಸ್ಕಿಗೆ ಕಳಿಸುತ್ತಲೇ ಹೋದ. ಜುಲೈ 25ಕ್ಕೆ ಕುಸ್ತೋಜಾದಲ್ಲಿ ಗೆಲುವು. ಆಗಸ್ಟ್ 31ಕ್ಕೆ ಯೋಹಾನ್ ಸ್ಟ್ರಾಸ್ ವಿಯೆನ್ನಾದಲ್ಲಿ ರಾಡೆಟ್ಸ್ಕಿ ಮಾರ್ಚ್ ನುಡಿಸಿದ. ಇವತ್ತಿಗೂ ಹೊಸ ವರ್ಷದ ಕಛೇರಿಯಲ್ಲಿ ಜನ ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಪಡೆ ಕಳಿಸಿದವನ ಹೆಸರು ಯಾರಿಗೂ ನೆನಪಿಲ್ಲ.

ಕಾಫಿಪುಡಿ:
ಸ್ಟ್ರಾಸ್ ಮನೆಯಲ್ಲೇ ಎರಡು ಪಕ್ಷ ಇತ್ತು. ಅಪ್ಪ ಸೇನಾಪತಿಗೆ ಮಾರ್ಚ್ ಬರೆದ. ಮಗ ಕ್ರಾಂತಿಕಾರರ ಕಡೆ, ಫ್ರೆಂಚ್ ಕ್ರಾಂತಿಯ ಹಾಡು ಮಾರ್ಸೆಯೇಸ್ ನುಡಿಸಿ ಪೊಲೀಸರಿಂದ ಬೈಸಿಕೊಂಡ.

ಅಲೆಮಾರಿ_ಗಿರಿ:
ಇದೆಲ್ಲಾ ಇಟಲಿ ಮಾತಾಯಿತು. ವಿಯೆನ್ನಾ ಜನಕ್ಕೆ ಈತನ ಮೇಲೆ ಅಷ್ಟೊಂದು ಸಿಟ್ಟು ಯಾಕೆ?

ಡ್ಯಾನ್ಯೂಬ್_ದಂಡೆ:
ನಾನು ಬುಡಾಪೆಸ್ಟ್‌ನಲ್ಲಿ ಏಳು ವರ್ಷದಿಂದ ಇದ್ದೇನೆ. ಇಲ್ಲಿ ಈ ಕಥೆ ಬೇರೆ ಥರ ಕೇಳಿಸುತ್ತೆ, ಹಾಗಾಗಿ ಈ ಭಾಗ ನಾನು ಹೇಳುತ್ತೇನೆ.

1848ರ ಏಪ್ರಿಲ್ ಕಾನೂನುಗಳಿಗೆ ಚಕ್ರವರ್ತಿಯೇ ಒಪ್ಪಿಗೆ ಕೊಟ್ಟಿದ್ದ. ಅದರ ಪ್ರಕಾರ ಹಂಗೇರಿಗೆ ಬಟ್ಯಾನಿ ಪ್ರಧಾನಿ, ಮೆಸಾರೋಶ್ ಯುದ್ಧಮಂತ್ರಿ. ಅಂದರೆ ಒಬ್ಬನೇ ದೊರೆಗೆ ಇಬ್ಬರು ಯುದ್ಧಮಂತ್ರಿಗಳು! ಒಬ್ಬ ವಿಯೆನ್ನಾದಲ್ಲಿ, ಇನ್ನೊಬ್ಬ ಪೆಸ್ಟ್‌ನಲ್ಲಿ, ಅಂದರೆ ಈಗಿನ ಬುಡಾಪೆಸ್ಟ್‌ನಲ್ಲಿ. ಗಡಿ ಕಾಯುವ ಕ್ರೊಯೇಷಿಯಾದ ಪಡೆಗಳು ಯಾರ ಮಾತು ಕೇಳಬೇಕು? ಅವರ ಸಂಬಳ ಯಾರು ಕೊಡಬೇಕು? ಹಂಗೇರಿ ನಮ್ಮವು ಅಂತು. ಲಾಟೂರ್ ಸೈನ್ಯ ಒಂದೇ, ಅದು ಚಕ್ರವರ್ತಿಯದು ಅಂದ. ಕ್ರೊಯೇಷಿಯಾದ ಬಾನ್, ಅಂದರೆ ರಾಜ್ಯಪಾಲ, ಯೆಲಾಚಿಚ್. ಹಂಗೇರಿಯನ್ನು ಕಂಡರೆ ಅವನಿಗೆ ಆಗದು. ಹಂಗೇರಿಯ ಒತ್ತಾಯಕ್ಕೆ ಜೂನ್ 10ಕ್ಕೆ ಚಕ್ರವರ್ತಿ ಅವನನ್ನು ಹುದ್ದೆಯಿಂದ ತೆಗೆದ. ಅವನು ಕದಲಲೇ ಇಲ್ಲ. ಸೆಪ್ಟೆಂಬರ್ 4ಕ್ಕೆ ಅದೇ ಚಕ್ರವರ್ತಿ ಅವನನ್ನು ಮತ್ತೆ ಕೂರಿಸಿದ. ಸೆಪ್ಟೆಂಬರ್ 11ಕ್ಕೆ ಯೆಲಾಚಿಚ್ ದ್ರಾವಾ ನದಿ ದಾಟಿ ಹಂಗೇರಿಗೆ ನುಗ್ಗಿದ.

ಈ ನಡುವೆ ಲಾಟೂರ್ ಸದ್ದಿಲ್ಲದೆ ಅವನಿಗೆ ಹಣ, ಮದ್ದುಗುಂಡು ಕಳಿಸುತ್ತಿದ್ದ. ಎದುರಿಗೆ ಕೇಳಿದರೆ ಇಲ್ಲ ಅನ್ನುತ್ತಿದ್ದ. ಆಮೇಲೆ ಯೆಲಾಚಿಚ್ ಕಡೆಯ ಪತ್ರಗಳು ಹಂಗೇರಿಯವರ ಕೈಗೆ ಸಿಕ್ಕವು. ಅವು ವಿಯೆನ್ನಾದ ಪತ್ರಿಕೆಗಳಲ್ಲಿ ಅಚ್ಚಾದವು. ಅಲ್ಲಿಗೆ ಮುಗಿಯಿತು.

ತುಂಗಾತೀರ:
ಅವನ ಕಡೆಯಿಂದಲೂ ನೋಡಿ. ಕಳಿಸಿದ್ದು ತನ್ನ ದೊರೆಯ ಸೈನಿಕರಿಗೆ ಸಂಬಳ. ಆ ಗಡಿ ದಳದ ಗಂಡಸರೇ ಇಟಲಿಯಲ್ಲೂ ರಾಡೆಟ್ಸ್ಕಿ ಜೊತೆ ಹೋರಾಡುತ್ತಿದ್ದರು. ಅವರ ಮನೆಯವರ ಸಂಬಳ ನಿಲ್ಲಿಸಿದರೆ ಇಟಲಿಯ ಸಾಲು ಕುಸಿಯುತ್ತಿತ್ತು. ಸೈನ್ಯ ಎರಡಾಗಿ ಒಡೆಯಬಾರದು ಅನ್ನುವುದು ಅವನು ಹುಡುಗನಾಗಿದ್ದಾಗಿನಿಂದ ಕಲಿತ ಪಾಠ. ಅದಕ್ಕೆ ಮೋಸ ಅನ್ನಬಹುದಾ?

ಡ್ಯಾನ್ಯೂಬ್_ದಂಡೆ:
ಸಂಬಳ ಅಂತಲೇ ಬಹಿರಂಗವಾಗಿ ಹೇಳಿದ್ದರೆ ಮೋಸ ಅನ್ನುತ್ತಿರಲಿಲ್ಲ. ಆತ ಸಂವಿಧಾನ ಒಪ್ಪಿದ ಸರ್ಕಾರದ ಮಂತ್ರಿ, ಅರಮನೆಯ ಆಳಲ್ಲ. ಅದೂ ಅಲ್ಲದೆ ತೋಪಿನ ಗುಂಡನ್ನು ಯಾರೂ ಸಂಬಳ ಅನ್ನುವುದಿಲ್ಲ.

ತುಂಗಾತೀರ:
😀 ಸರಿ, ಅದನ್ನು ಒಪ್ಪಿದೆ. ಆದರೆ ಅಂಥಾ ಸಂವಿಧಾನದ ಮಂತ್ರಿ ಅನ್ನುವುದಕ್ಕೇ ಆಗ ಕೆಲವೇ ತಿಂಗಳ ವಯಸ್ಸು. ತಾನು ಪಾರ್ಲಿಮೆಂಟಿಗೆ ಉತ್ತರ ಕೊಡಬೇಕಾದವನು ಅಂತ ಆ ಮುದುಕನಿಗೆ ಯಾವತ್ತೂ ಅನ್ನಿಸಿರಲಿಕ್ಕಿಲ್ಲ ಅನ್ನುವುದು ನನ್ನ ಅಂದಾಜು.

ಬಯಲುಸೀಮೆ:
ಹಂಗೇರಿ ಒಂದನ್ನೇ ಹಿಡಿದುಕೊಂಡರೆ ಸಾಲದು. ವಿಯೆನ್ನಾದ ಹೊಟ್ಟೆ ಹಸಿವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲಸ ಇಲ್ಲದವರಿಗೆ ಸರ್ಕಾರ ಮಣ್ಣು ಅಗೆಯುವ ಕೆಲಸ ಕೊಟ್ಟಿತ್ತು. ಆಗಸ್ಟ್‌ನಲ್ಲಿ ಕೂಲಿ ಕಡಿಮೆ ಮಾಡಿದರು. ಆಗಸ್ಟ್ 23ಕ್ಕೆ ಪ್ರಾಟರ್ ಉದ್ಯಾನದ ಕಡೆ ಕೂಲಿಗಾರರ ಮೆರವಣಿಗೆ ಮೇಲೆ ನಾಗರಿಕ ದಳ, ಅಂದರೆ ಊರಿನವರೇ ಬಂದೂಕು ಹಿಡಿದ ಪಡೆ, ಬಿದ್ದು ಹೊಡೆಯಿತು, ಜನ ಸತ್ತರು. ಮಾರ್ಚ್‌ನಲ್ಲಿ ಒಟ್ಟಿಗೆ ನಿಂತಿದ್ದ ಅಂಗಡಿಯವರು, ಕೂಲಿಯವರು ಅಲ್ಲಿಗೆ ಬೇರೆ ಬೇರೆ. ಉಪನಗರದ ಬಡವರಿಗೆ ಸಮವಸ್ತ್ರ ಹಾಕಿದ ಯಾವ ಮಂತ್ರಿಯನ್ನು ಕಂಡರೂ ಮೈ ಉರಿಯುತ್ತಿತ್ತು.

ಅಲೆಮಾರಿ_ಗಿರಿ:
ಸರಿ. ಆ ದಿನಕ್ಕೆ ಬನ್ನಿ.

ಹಳೇಪುಟ:
ಬಂದೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಸೆಪ್ಟೆಂಬರ್ 28ಕ್ಕೆ ಚಕ್ರವರ್ತಿಯ ಪ್ರತಿನಿಧಿಯಾಗಿ ಹೋದ ಲಾಂಬರ್ಗ್‌ನನ್ನು ಪೆಸ್ಟ್ ಜನ ದೋಣಿ ಸೇತುವೆಯ ಮೇಲೆ ಕೊಂದರು. ಮರುದಿನವೇ ಪಾಕೋಜ್ದ್ ಊರಿನ ಹತ್ತಿರ ಹಂಗೇರಿಯ ಸೈನ್ಯ ಯೆಲಾಚಿಚ್‌ನನ್ನು ತಡೆಯಿತು. ಅವನು ವಿಯೆನ್ನಾ ಕಡೆ ಜಾರಿದ. ಅಕ್ಟೋಬರ್ 3ರ ಘೋಷಣೆ ಹಂಗೇರಿಯ ಸಭೆಯನ್ನು ವಿಸರ್ಜಿಸಿ, ಅದೇ ಯೆಲಾಚಿಚ್‌ಗೆ ಅಲ್ಲಿನ ಪೂರ್ತಿ ಅಧಿಕಾರ ಕೊಟ್ಟಿತು. ಈಗ ಅವನಿಗೆ ಪಡೆ ಬೇಕು. ಲಾಟೂರ್ ವಿಯೆನ್ನಾದಲ್ಲಿದ್ದ ಪಡೆಗಳಿಗೆ ಹೊರಡಿ ಅಂದ.

ಅದರಲ್ಲಿ ರಿಖ್ಟರ್ ಗ್ರೆನೇಡಿಯರ್ ಬೆಟಾಲಿಯನ್ ಒಂದು. ಗುಂಪೆನ್‌ಡಾರ್ಫ್ ಬ್ಯಾರಕ್‌ನಲ್ಲಿದ್ದ ಹುಡುಗರು. ಬಹಳ ದಿನದಿಂದ ಊರಿನಲ್ಲಿದ್ದು ಸುತ್ತಲಿನ ಜನರ ಜೊತೆ ಕುಡಿದು, ಹರಟಿ, ಹೆಣ್ಣು ನೋಡಿ ಬೆರೆತುಹೋಗಿದ್ದವರು. ಹಂಗೇರಿಯವರ ಮೇಲೆ ಗುಂಡು ಹಾರಿಸಲು ಅವರಿಗೆ ಇಷ್ಟವಿಲ್ಲ. ಅಕ್ಟೋಬರ್ 6, ಶುಕ್ರವಾರ ಬೆಳಿಗ್ಗೆ ಅವರನ್ನು ಹೊರಡಿಸಿದರು. ನಾಗರಿಕ ದಳ, ವಿದ್ಯಾರ್ಥಿಗಳು, ಕೂಲಿಗಾರರು ದಾರಿಗೆ ಅಡ್ಡ ಬಂದರು. ರೈಲು ಹಳಿ ಕಿತ್ತರು. ಟಾಬೋರ್ ಸೇತುವೆಯ ಹಲಗೆ ತೆಗೆದರು. ದಾರಿ ತೆರವು ಮಾಡಿಸಲು ಬೇರೆ ಪಡೆ ಬಂತು. ಗಲಾಟೆಯಲ್ಲಿ ಜನರಲ್ ಬ್ರೇಡಿ ಗುಂಡೇಟಿಗೆ ಸತ್ತ. ಗ್ರೆನೇಡಿಯರ್‌ಗಳಲ್ಲಿ ಬಹಳ ಮಂದಿ ಜನರ ಕಡೆಗೇ ತಿರುಗಿದರು.

ಅಲ್ಲಿಂದ ಜಗಳ ಊರೊಳಕ್ಕೆ ನುಗ್ಗಿತು. ನಾಗರಿಕ ದಳದಲ್ಲೇ ಎರಡು ಗುಂಪು. ಒಂದು ಅರಮನೆ ಕಡೆ, ಇನ್ನೊಂದು ಕ್ರಾಂತಿ ಕಡೆ. ಅವರು ಸಂತ ಸ್ಟೀಫನ್ನನ ದೊಡ್ಡ ಚರ್ಚಿನೊಳಗೇ ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಗುಂಪು ಆಮ್ ಹೋಫ್‌ಗೆ ಬಂತು.

ಕಾಫಿಪುಡಿ:
ಮಂತ್ರಿಗೆ ಕಾವಲು ಇರಲಿಲ್ವಾ?

ಹಳೇಪುಟ:
ಇತ್ತು. ಕೆಟ್ಟದ್ದೇನಾಯಿತು ಅಂದರೆ, ರಕ್ತ ಹರಿಯುವುದು ಬೇಡ ಅಂತ ಲಾಟೂರ್ ಗುಂಡು ಹಾರಿಸುವುದನ್ನು ಎಲ್ಲಾ ಕಡೆ ನಿಲ್ಲಿಸಿ ಅಂತ ಆಜ್ಞೆ ಬರೆದುಕೊಟ್ಟ. ಅದಾದ ಮೇಲೆ ಬಾಗಿಲು ಕಾಯುವವರ ಕೈ ಕಟ್ಟಿಹೋಯಿತು. ಒಳಗೆ ಬೇರೆ ಮಂತ್ರಿಗಳೂ ಇದ್ದರು. ನ್ಯಾಯಮಂತ್ರಿ ಬಾಖ್ ಹೇಗೋ ತಪ್ಪಿಸಿಕೊಂಡ. ಲಾಟೂರ್ ಕಟ್ಟಡದೊಳಗೆ ಅಡಗಿ ಕೂತ.

ಪಾರ್ಲಿಮೆಂಟಿನಿಂದ ಸ್ಮೋಲ್ಕಾ, ಬೊರೋಶ್, ಗೋಲ್ಡ್‌ಮಾರ್ಕ್, ಫಿಶ್‌ಹೋಫ್ ಅನ್ನುವ ಸದಸ್ಯರು ಓಡಿ ಬಂದರು. ಇವರು ಎಡ ಪಕ್ಷದವರು, ಅರಮನೆಯ ಗೆಳೆಯರಲ್ಲ. ಮಂತ್ರಿಯನ್ನು ವಿಚಾರಣೆಗೆ ಒಪ್ಪಿಸೋಣ, ಜೀವಕ್ಕೆ ಕೈ ಹಾಕಬೇಡಿ ಅಂತ ಜನರ ಹತ್ತಿರ ಬೇಡಿಕೊಂಡರು. ಗುಂಪು ಒಂದು ಗಳಿಗೆ ಒಪ್ಪಿತು, ಮತ್ತೆ ಕೆರಳಿತು. ಲಾಟೂರ್‌ನನ್ನು ಹುಡುಕಿ ಕೆಳಗೆ ಕರೆತಂದಾಗ ಈ ಸದಸ್ಯರು ತಮ್ಮ ಮೈಯನ್ನೇ ಅಡ್ಡ ಇಟ್ಟರು. ಆಗಲಿಲ್ಲ. ತಲೆಗೆ ಸುತ್ತಿಗೆ ಏಟು, ಆಮೇಲೆ ಬಯೊನೆಟ್. ಮೊದಲು ಕಿಟಕಿಯ ಸರಳಿಗೆ, ಆಮೇಲೆ ಚೌಕದ ದೀಪದ ಕಂಬಕ್ಕೆ ಹೆಣ ಕಟ್ಟಿದರು. ರಾತ್ರಿಯವರೆಗೂ ಅದು ಅಲ್ಲೇ ನೇತಾಡುತ್ತಿತ್ತು.

ಬಯಲುಸೀಮೆ:
ಓದಲಿಕ್ಕೇ ಕಷ್ಟ ಆಗುತ್ತೆ. ನಾನು ಕೂಲಿಗಾರರ ಕಡೆಯವನೇ, ಆದರೂ 68 ವರ್ಷದ ಮುದುಕನ ಹೆಣದ ಸುತ್ತ ಜನ ಕುಣಿದರು ಅಂತ ಓದಿದಾಗ ಪುಸ್ತಕ ಮುಚ್ಚಿ ಇಟ್ಟಿದ್ದೆ.

ಅಲೆಮಾರಿ_ಗಿರಿ:
ಆಮೇಲೆ? ಕ್ರಾಂತಿ ಗೆದ್ದಿತಾ?

ಬಯಲುಸೀಮೆ:
ಮೂರೂವರೆ ವಾರ. ಅವತ್ತು ರಾತ್ರಿಯೇ ಆಯುಧ ಉಗ್ರಾಣಕ್ಕೆ ನುಗ್ಗಿ ಬಂದೂಕು ಹಂಚಿಕೊಂಡರು. ಮರುದಿನ ಚಕ್ರವರ್ತಿ ಫರ್ಡಿನಾಂಡ್ ಶ್ಯೋನ್‌ಬ್ರುನ್ ಅರಮನೆ ಬಿಟ್ಟು ಓಲ್ಮ್ಯುಟ್ಸ್‌ಗೆ ಹೊರಟ. ಪ್ರಾಗ್ ಕಡೆಯಿಂದ ಚಕ್ರವರ್ತಿಯ ಸೇನಾಪತಿ ವಿಂಡಿಶ್‌ಗ್ರೆಟ್ಸ್ ಬಂದ, ಇತ್ತ ಯೆಲಾಚಿಚ್. ಇಬ್ಬರೂ ಸೇರಿ ಊರಿಗೆ ಮುತ್ತಿಗೆ ಹಾಕಿದರು.

ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಸುತ್ತಲಿನ ಹಳ್ಳಿಯವರು ಯಾಕೆ ಬರಲಿಲ್ಲ? ಹಾನ್ಸ್ ಕುಡ್ಲಿಖ್ ಅನ್ನುವ ರೈತನ ಮಗ, ಪಾರ್ಲಿಮೆಂಟಿನ ಸದಸ್ಯ, ಹಳ್ಳಿ ಹಳ್ಳಿ ತಿರುಗಿ ಕರೆದ. ಆದರೆ ಅವನೇ ಮಂಡಿಸಿದ ಪ್ರಸ್ತಾಪದಿಂದ ಸೆಪ್ಟೆಂಬರ್ 7ಕ್ಕೆ ಜೀತದ ಹೊರೆ ಇಳಿದಿತ್ತು. ರೈತನಿಗೆ ಬೇಕಾದ್ದು ಸಿಕ್ಕಿತ್ತು. ಇನ್ನು ಪಟ್ಟಣದವರ ಜಗಳ ತನಗೇಕೆ ಅಂತ ಹೊಲಕ್ಕೆ ಹೋದ. ಕ್ರಾಂತಿಯ ದೊಡ್ಡ ಗೆಲುವೇ ಕ್ರಾಂತಿಯ ಬೆನ್ನು ಮುರಿಯಿತು ಅಂದರೆ ಉತ್ಪ್ರೇಕ್ಷೆ ಅಲ್ಲ.

ಡ್ಯಾನ್ಯೂಬ್_ದಂಡೆ:
ಹಂಗೇರಿಯವರು ಬಂದರು, ತಡವಾಗಿ ಬಂದರು. ಅಕ್ಟೋಬರ್ 30ಕ್ಕೆ ಶ್ವೆಖಾಟ್‌ನಲ್ಲಿ, ಅಂದರೆ ಈಗ ವಿಮಾನ ನಿಲ್ದಾಣ ಇರುವ ಕಡೆ. ನೀವು ಇಳಿದಿದ್ದು ಅಲ್ಲೇ, ಗಿರಿ. ಊರು ಆಗಲೇ ಶರಣಾಗುವ ಮಾತಿನಲ್ಲಿತ್ತು. ಚರ್ಚಿನ ಗೋಪುರದಿಂದ ದೂರದ ಹೊಗೆ ಕಂಡು ಮತ್ತೆ ಬಂದೂಕು ಹಿಡಿದರು. ಯೆಲಾಚಿಚ್ ಹಂಗೇರಿಯವರನ್ನು ಹಿಂದಕ್ಕೆ ತಳ್ಳಿದ. ಮರುದಿನ ವಿಯೆನ್ನಾ ಬಿತ್ತು.

ತುಂಗಾತೀರ:
ಇಲ್ಲೊಂದು ಸಣ್ಣ ವಿಷಯ, ಪಡೆಗಳ ಇತಿಹಾಸ ಇಷ್ಟಪಡುವವರಿಗೆ. ಲಾಟೂರ್ ಅಪ್ಪನ ಹೆಸರಿನಲ್ಲಿ ಒಂದು ಡ್ರಾಗೂನ್ ದಳ, ಅಂದರೆ ಕುದುರೆ ಸವಾರರ ದಳ, ಇತ್ತು. 1757ರಲ್ಲಿ ಕೊಲಿನ್ ಕಾಳಗದಲ್ಲಿ ಈ ದಳದಲ್ಲಿದ್ದವರೆಲ್ಲಾ ಮೀಸೆ ಚಿಗುರದ ಹುಡುಗರು. ಇವರಿಂದ ಏನಾದೀತು ಅಂತ ಸೇನಾಪತಿ ಡೌನ್ ಮೂಗು ಮುರಿದನಂತೆ. ಹುಡುಗರು ನುಗ್ಗಿ ಪ್ರಷ್ಯನರ ಸಾಲು ಒಡೆದರು. ಅದರ ನೆನಪಿಗೆ ಆ ದಳದವರು ಮೀಸೆ ಬೋಳಿಸುವುದನ್ನೇ ಹೆಮ್ಮೆ ಮಾಡಿಕೊಂಡರು. ಮುಂದೆ ಅದೇ ದಳ ವಿಂಡಿಶ್‌ಗ್ರೆಟ್ಸ್ ಹೆಸರಿಗೆ ಬಂತು. ಲಾಟೂರ್ ಸತ್ತ ಊರಿಗೆ ತೋಪು ಇಟ್ಟವನ ಹೆಸರಿಗೆ!

ಕಾಫಿಪುಡಿ:
ಮೀಸೆ ಇಲ್ಲದಿರುವುದೇ ಗತ್ತು. ನಮ್ಮೂರಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬಲ್ಲ.

ಡ್ಯಾನ್ಯೂಬ್_ದಂಡೆ:
ನಗು ಸಾಕು, ಈಗ ನಿಜವಾದ ಲೆಕ್ಕ ಕೇಳಿ. ಊರು ಬಿದ್ದ ಮೇಲೆ ನಾಗರಿಕ ದಳದ ಮುಖ್ಯಸ್ಥ ಮೆಸೆನ್‌ಹೌಸರ್‌ಗೆ ಗುಂಡು. ಜರ್ಮನರ ಫ್ರಾಂಕ್‌ಫರ್ಟ್ ಪಾರ್ಲಿಮೆಂಟಿನ ಸದಸ್ಯ ರಾಬರ್ಟ್ ಬ್ಲೂಮ್‌ಗೆ ನವೆಂಬರ್ 9ಕ್ಕೆ ಗುಂಡು. ಲಾಟೂರ್ ಕೊಲೆಗೆ 1849ರ ಮಾರ್ಚ್‌ನಲ್ಲಿ ಮೂವರನ್ನು ಗಲ್ಲಿಗೇರಿಸಿದರು.

ಇನ್ನೂ ಇದೆ. ರಷ್ಯಾದ ಸೈನ್ಯದ ನೆರವಿನಿಂದ ಹಂಗೇರಿಯನ್ನು ಬಗ್ಗಿಸಿದ ಮೇಲೆ ಜನರಲ್ ಹೈನಾವ್ 13 ಸೇನಾನಿಗಳನ್ನು ಅರಾದ್‌ನಲ್ಲಿ ಕೊಲ್ಲಿಸಿದ. ಅದೇ ದಿನ ಪೆಸ್ಟ್‌ನಲ್ಲಿ ಮಾಜಿ ಪ್ರಧಾನಿ ಬಟ್ಯಾನಿಯನ್ನು ಕೊಂದರು. ಗಲ್ಲು ಅಂತ ಆಗಿತ್ತು. ಬಟ್ಯಾನಿ ಬಾಕುವಿನಿಂದ ತನ್ನ ಕತ್ತು ಕೊಯ್ದುಕೊಂಡಿದ್ದ, ಹಗ್ಗ ಹಾಕಲಾಗದೆ ಗುಂಡು ಹಾರಿಸಿದರು. ತಾರೀಕು ಯಾವುದು ಅಂದುಕೊಂಡಿರಿ? 1849ರ ಅಕ್ಟೋಬರ್ 6. ಲಾಟೂರ್ ಸತ್ತು ಸರಿಯಾಗಿ ಒಂದು ವರ್ಷ.

ಇಲ್ಲಿ ಅಕ್ಟೋಬರ್ 6 ದುಃಖದ ದಿನ. ನಾನು ಮೊದಲ ವರ್ಷ ಬಂದಾಗ ಗೆಳೆಯರ ಜೊತೆ ಬಿಯರ್ ಗ್ಲಾಸ್ ತಾಗಿಸಲು ಹೋದೆ. ಎಲ್ಲರೂ ಕೈ ಹಿಂದಕ್ಕೆ ತೆಗೆದುಕೊಂಡರು. ಅರಾದ್‌ನಲ್ಲಿ ನಮ್ಮವರು ಸಾಯುವಾಗ ಆಸ್ಟ್ರಿಯದ ಅಧಿಕಾರಿಗಳು ಗ್ಲಾಸ್ ತಾಗಿಸಿ ಕುಡಿದರು ಅನ್ನುವ ಕಥೆ ಹೇಳಿದರು. ಅದು ಕಥೆಯೇ ಇರಬಹುದು, ಆದರೆ ಕೈ ಹಿಂದಕ್ಕೆ ಹೋಗಿದ್ದು ನಾನೇ ಕಂಡದ್ದು.

ಅಲೆಮಾರಿ_ಗಿರಿ:
ಅಬ್ಬಾ. ನಾನು ಎರಡೂ ಊರು ಬೇರೆ ಬೇರೆ ಕಥೆ ಅಂದುಕೊಂಡಿದ್ದೆ. ಅವನನ್ನು ಉಳಿಸಲು ಬಂದ ಆ ಸದಸ್ಯರು ಏನಾದರು?

ಹಳೇಪುಟ:
ಸ್ಮೋಲ್ಕಾ ಮುಂದೆ ವಿಯೆನ್ನಾ ಪಾರ್ಲಿಮೆಂಟಿನ ಅಧ್ಯಕ್ಷನೇ ಆದ. ಗೋಲ್ಡ್‌ಮಾರ್ಕ್ ಕಥೆ ವಿಚಿತ್ರ. ಅವನು ವೈದ್ಯ, ರಸಾಯನ ಶಾಸ್ತ್ರ ಬಲ್ಲವನು. ಸಂಗೀತಗಾರ ಕಾರ್ಲ್ ಗೋಲ್ಡ್‌ಮಾರ್ಕ್‌ನ ಅಣ್ಣ. ಲಾಟೂರ್‌ನನ್ನು ಉಳಿಸಲು ಹೋದವನ ಮೇಲೆಯೇ ಕೊಲೆಗೆ ಕುಮ್ಮಕ್ಕು ಕೊಟ್ಟ ಆರೋಪ ಬಂತು. ಅಮೆರಿಕಕ್ಕೆ ಓಡಿಹೋದ. ಅವನಿಲ್ಲದೆಯೇ ಮರಣದಂಡನೆ ತೀರ್ಪಾಯಿತು. ಅಲ್ಲಿ ಬಂದೂಕಿನ ಮದ್ದು ಹೊತ್ತಿಸುವ ಕ್ಯಾಪ್ ತಯಾರಿಸುವ ಕಾರ್ಖಾನೆ ಹಾಕಿ ಚೆನ್ನಾಗಿ ಬಾಳಿದ. 1868ರಲ್ಲಿ ಹೆಸರಿನ ಮೇಲಿನ ಕಳಂಕ ತೊಳೆಯಲೇಬೇಕು ಅಂತ ಸ್ವಂತ ಇಷ್ಟದಿಂದ ವಿಯೆನ್ನಾಗೆ ವಾಪಸ್ ಬಂದು ಕಟಕಟೆಯಲ್ಲಿ ನಿಂತ. ಬಿಡುಗಡೆ ಆಯಿತು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಾಧೀಶ ಲೂಯಿ ಬ್ರಾಂಡೈಸ್ ಅವನ ಅಳಿಯ.

ಬಾಖ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಮಾರ್ಚ್‌ನಲ್ಲಿ ಕ್ರಾಂತಿಯ ಮುಂದಾಳು. ಆಮೇಲೆ ಒಳಾಡಳಿತ ಮಂತ್ರಿಯಾಗಿ ಹತ್ತು ವರ್ಷ ಸಾಮ್ರಾಜ್ಯವನ್ನು ಪೊಲೀಸರಿಂದ ಆಳಿದ.

ತುಂಗಾತೀರ:
ಗಿರಿ, ಸಮಯ ಇದ್ದರೆ ಆರ್ಸೆನಲ್ ಕಡೆ ಹೋಗಿ ಬನ್ನಿ. ಈ ಗಲಾಟೆ ಮುಗಿದ ಮೇಲೆ 1849ರಿಂದ 1856ರವರೆಗೆ ಕಟ್ಟಿದ ಕೆಂಪು ಇಟ್ಟಿಗೆಯ ಸೈನಿಕ ಊರು ಅದು. ಆಯುಧ ಮತ್ತೆ ಜನರ ಕೈಗೆ ಸಿಗಬಾರದು, ಬೇಕಾದರೆ ಊರಿನ ಮೇಲೇ ತೋಪು ತಿರುಗಿಸಬೇಕು ಅನ್ನುವ ಲೆಕ್ಕ. ಒಳಗೆ ಸೇನಾ ಇತಿಹಾಸದ ಮ್ಯೂಸಿಯಂ ಇದೆ.

ಅಲೆಮಾರಿ_ಗಿರಿ:
ಖಂಡಿತ ಹೋಗುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಜನ ಒಳಗೆ ನುಗ್ಗುವ ಮೊದಲೇ ಆತ ಮಂತ್ರಿ ಪದವಿ ಬಿಟ್ಟುಕೊಟ್ಟಿದ್ದರೆ ಬದುಕುತ್ತಿದ್ದನಾ?

ಡ್ಯಾನ್ಯೂಬ್_ದಂಡೆ:
ಬಿಟ್ಟುಕೊಟ್ಟ. ಅಂದರೆ, ಒಂದು ಚೀಟಿ ಬರೆದುಕೊಟ್ಟ. ಯುದ್ಧಮಂತ್ರಿ ಸ್ಥಾನ ಬಿಡಲು ಸಿದ್ಧ, "ಚಕ್ರವರ್ತಿಗಳ ಒಪ್ಪಿಗೆ ಇದ್ದರೆ" ಅಂತ.

ತುಂಗಾತೀರ:
ನೋಡಿದಿರಾ? ಕೆಳಗೆ ಬಾಗಿಲು ಒಡೆಯುತ್ತಿದ್ದಾರೆ, ಆಗಲೂ ಆತ ಆ ಮಾತು ಬಿಡಲಿಲ್ಲ. ಇವನನ್ನು ಸುಳ್ಳುಗಾರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಡ್ಯಾನ್ಯೂಬ್_ದಂಡೆ:
ನನಗೆ ಬರುತ್ತೆ. ಯಾರಿಗೆ ನಿಷ್ಠೆ ಅನ್ನುವುದರಲ್ಲಿ ಆತ ಯಾವತ್ತೂ ಸುಳ್ಳು ಹೇಳಲಿಲ್ಲ, ಅದು ನಿಜ. ತೋಪಿನ ಗುಂಡಿನ ವಿಷಯದಲ್ಲಿ ಹೇಳಿದ.

ಹಳೇಪುಟ:
ಚಕ್ರವರ್ತಿ ಆಗ ಇದ್ದದ್ದು ಶ್ಯೋನ್‌ಬ್ರುನ್‌ನಲ್ಲಿ. ಆಮ್ ಹೋಫ್‌ನಿಂದ ನಡೆದರೂ ಒಂದೂವರೆ ಗಂಟೆ ದಾರಿ. ಆ ಚೀಟಿ ತೆಗೆದುಕೊಂಡು ಒಪ್ಪಿಗೆ ಕೇಳಲು ಯಾರೂ ಹೊರಡಲಿಲ್ಲ.